ಜೆಸಿಬಿ ಅಂದ್ರೆ ಒಬ್ಬ ಮನುಷ್ಯನ ಹೆಸರು

ನಮ್ಮೂರಲ್ಲಿ ಮಣ್ಣು ಅಗೆಯೋ ಮಷೀನ್‌ಗಳಿಗೆ ಇರೋದು ಎರಡೇ ಹೆಸರು. ಟೈರ್ ಇದ್ದು, ಮುಂದೆ ಅಗಲವಾದ ಬಕೆಟ್ಟು, ಹಿಂದೆ ಉದ್ದನೆ ಕೈ ಇದ್ರೆ ಅದು ಜೆಸಿಬಿ. ಚೈನ್ ಮೇಲೆ ಓಡಾಡ್ತಾ, ನಿಂತಲ್ಲೇ ಸುತ್ತ ತಿರುಗಿದ್ರೆ ಅದು ಹಿಟಾಚಿ. ಅದನ್ನ ಯಾವ ಕಂಪನಿ ಮಾಡಿದೆ ಅನ್ನೋದು ಯಾರಿಗೂ ಬೇಕಾಗಿಲ್ಲ. ಕೆರೆ ಹೂಳು ತೆಗೆಯೋಕೆ, ತೋಟಕ್ಕೆ ಬಸಿಗಾಲುವೆ ಹೊಡೆಯೋಕೆ, ಮನೆ ಪಾಯ ತೆಗೆಯೋಕೆ, ಎಲೆಕ್ಷನ್ ಟೈಮಲ್ಲಿ ಲೀಡರ್‌ಗಳ ತಲೆ ಮೇಲೆ ಹೂವು ಸುರಿಯೋಕೆ, ಎಲ್ಲದಕ್ಕೂ ಜೆಸಿಬಿನೇ. 2019ರಲ್ಲಿ ಜೆಸಿಬಿ ಅಗೆಯೋದನ್ನ ನೋಡ್ತಾ ನಿಂತ ಜನರ ಮೀಮ್‌ಗಳು ದೇಶ ತುಂಬಾ ಹರಿದಾಡಿದ್ವಲ್ಲ, ಆಗ ಶಾಲೆಯಲ್ಲಿದ್ದ ನಾನೂ ನಾಲ್ಕಾರು ಫಾರ್ವರ್ಡ್ ಮಾಡಿದ್ದೆ. ಆದ್ರೆ ಆ ಮೂರು ಅಕ್ಷರಗಳು ಒಬ್ಬ ಮನುಷ್ಯನ ಇನಿಶಿಯಲ್ಸ್ ಅಂತ ನಂಗೆ ಗೊತ್ತಾಗಿದ್ದು ಕಳೆದ ದಸರಾ ರಜೆಯಲ್ಲಿ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್. ನಮ್ಮ ಬ್ಯಾಚ್‌ನವರು ಹುಟ್ಟೋಕೂ ಮುಂಚೆನೇ ತೀರಿಕೊಂಡವರು.

ಗೊತ್ತಾಗಿದ್ದು ಹೇಗೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ದೊಡ್ಡಪ್ಪನ ಮಗ, ನಮ್ಮಣ್ಣ, ಹತ್ತು ವರ್ಷದಿಂದ ಬೇರೆಯವರ ಮಷೀನ್‌ಗೆ ಆಪರೇಟರ್. ಗಂಟೆ ಲೆಕ್ಕದ ಬಾಡಿಗೆ ಓನರ್‌ಗೆ, ತಿಂಗಳ ಸಂಬಳ ಇವನಿಗೆ. ಒಂದು ಹಳೇ ಮಷೀನ್ ಆದ್ರೂ ಸರಿ, ಸ್ವಂತದ್ದು ಇರಬೇಕು ಅಂತ ಅವನ ಆಸೆ. ಸೊಸೈಟಿ ಸಾಲ, ದೊಡ್ಡಮ್ಮನ ಬಳೆ, ಚೀಟಿ ದುಡ್ಡು ಎಲ್ಲ ಲೆಕ್ಕ ಹಾಕಿಕೊಂಡು ಹೈವೇ ಪಕ್ಕದ ಒಂದು ಯಾರ್ಡ್‌ಗೆ ಹೊರಟ. ತಮ್ಮ ಮೆಕ್ಯಾನಿಕಲ್ ಓದ್ತಿದ್ದಾನೆ ಅಂತ ನನ್ನನ್ನೂ ಕರ್ಕೊಂಡು ಹೋದ. ಜೊತೆಗೆ ಅವನ ಪರಿಚಯದ ವಯಸ್ಸಾದ ಮೆಕ್ಯಾನಿಕ್ ಸಾಬ್ರು.

ಯಾರ್ಡ್‌ನಲ್ಲಿ ಹಳದಿ ಬಣ್ಣದ ಮಷೀನ್ ಮಿರಮಿರ ಮಿಂಚ್ತಿತ್ತು. ನಾನು ಎರಡು ಸುತ್ತು ಬಂದು ಚೆನ್ನಾಗಿದೆ ಅಂದೆ. ಮೂರು ಸೆಮಿಸ್ಟರ್ ಓದಿದವನ ಇನ್‌ಸ್ಪೆಕ್ಷನ್ ಅಷ್ಟಕ್ಕೇ ಮುಗೀತು. ಸಾಬ್ರು ಬಣ್ಣ ನೋಡಲೇ ಇಲ್ಲ. ಬಾನೆಟ್ ತೆಗೆಸಿ ಎಂಜಿನ್ ಮೇಲೆ ಅಂಗೈ ಇಟ್ಟರು. ಬಿಸಿ ಇತ್ತು. ನಾವು ಬರೋ ಮುಂಚೆನೇ ಯಾರೋ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಮೆಲ್ಲಗೆ ಅಣ್ಣನಿಗೆ ಹೇಳಿದರು. ತಣ್ಣಗಿರೋ ಎಂಜಿನ್ ಮೊದಲ ಸಲ ಹೇಗೆ ಏಳುತ್ತೆ, ಎಂಥ ಹೊಗೆ ಬಿಡುತ್ತೆ ಅನ್ನೋದರಲ್ಲೇ ಅರ್ಧ ಜಾತಕ ಇರುತ್ತಂತೆ. ಅದನ್ನ ಮುಚ್ಚಿಡೋಕೆ ಕೆಲವರು ಮೊದಲೇ ಬಿಸಿ ಮಾಡಿಟ್ಟಿರ್ತಾರೆ.

ಆ ರಾತ್ರಿ ನಾನು ನಾಚಿಕೆಯಿಂದಲೇ ಈ ಮಷೀನ್ ಬಗ್ಗೆ ಓದೋಕೆ ಕೂತೆ. ಓದ್ತಾ ಹೋದ ಹಾಗೆ ಬ್ಯಾಮ್‌ಫೋರ್ಡ್ ಸಿಕ್ಕಿದರು. ಒಂದು ವಿಷಯ ಮಾತ್ರ ನಂಗೆ ತುಂಬಾ ಹಿಡಿಸಿತು. ಸಾಬ್ರು ಆ ದಿನ ಮುಟ್ಟಿ ನೋಡಿದ ಒಂದೊಂದು ಜಾಗವೂ ಈ ಮನುಷ್ಯನ ಜೀವನದ ಒಂದೊಂದು ಘಟ್ಟಕ್ಕೆ ಹೊಂದಿಕೊಳ್ಳುತ್ತೆ. ಅದಕ್ಕೇ ಎರಡನ್ನೂ ಸೇರಿಸಿ ಬರೀತಿದ್ದೀನಿ.

ಮನೆತನ ಇತ್ತು, ಜಾಗ ಇರಲಿಲ್ಲ

ಬ್ಯಾಮ್‌ಫೋರ್ಡ್ ಹುಟ್ಟಿದ್ದು 1916ರ ಜೂನ್ 21ರಂದು, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಕೌಂಟಿಯ ಯುಟಾಕ್ಸಿಟರ್ ಅನ್ನೋ ಸಂತೆ ಊರಲ್ಲಿ. ಬಡತನದಿಂದ ಎದ್ದು ಬಂದ ಕಥೆ ಇದಲ್ಲ. ಅವರ ಮನೆತನದ್ದೇ ದೊಡ್ಡ ಕಂಪನಿ ಇತ್ತು. ವ್ಯವಸಾಯದ ಯಂತ್ರಗಳನ್ನ ಮಾಡಿ ಬೇರೆ ದೇಶಗಳಿಗೂ ಕಳಿಸ್ತಿದ್ದ ಕಾರ್ಖಾನೆ ಅದು. ಹುಡುಗನನ್ನ ಲ್ಯಾಂಕಾಶೈರ್‌ನ ಸ್ಟೋನಿಹರ್ಸ್ಟ್ ಅನ್ನೋ ಒಳ್ಳೇ ಬೋರ್ಡಿಂಗ್ ಶಾಲೆಗೆ ಹಾಕಿದ್ದರು. ಓದು ಮುಗಿದ ಮೇಲೆ ಕೋವೆಂಟ್ರಿಯ ಆಲ್ಫ್ರೆಡ್ ಹರ್ಬರ್ಟ್ ಕಂಪನಿ ಸೇರಿದರು. ಲೇತ್, ಮಿಲ್ಲಿಂಗ್ ಮಷೀನ್ ಥರದ ಮಷೀನ್ ಟೂಲ್‌ಗಳಿಗೆ ಆಗ ಬ್ರಿಟನ್‌ನಲ್ಲೇ ದೊಡ್ಡ ಹೆಸರು ಅದು. ನಮ್ಮ ವರ್ಕ್‌ಶಾಪ್ ಲ್ಯಾಬ್‌ನಲ್ಲಿ ಮೊದಲ ವರ್ಷ ನಾವು ಜಾಬ್ ಹಾಳು ಮಾಡ್ತೀವಲ್ಲ, ಆ ಥರದ ಮಷೀನ್‌ಗಳು. ಅಲ್ಲಿ ಬೆಳೀತಾ ಹೋಗಿ ಆ ಕಂಪನಿಯ ಪ್ರತಿನಿಧಿಯಾಗಿ ಆಫ್ರಿಕಾದ ಇವತ್ತಿನ ಘಾನಾ ದೇಶದವರೆಗೂ ಹೋಗಿ ಬಂದರು. 1938ರಲ್ಲಿ ಮನೆಯ ಕಂಪನಿಗೆ ಬಂದು ಸೇರಿದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು. 1941ರಲ್ಲಿ ವಾಯುಪಡೆಯಿಂದ ಕರೆ ಬಂತು. ಅವರು ವಿಮಾನ ಹಾರಿಸಲಿಲ್ಲ. ಮತ್ತೆ ಆಫ್ರಿಕಾಕ್ಕೆ ಹೋಗಿ, ಯುದ್ಧವಿಮಾನಗಳನ್ನ ಮುಂದಕ್ಕೆ ಕಳಿಸೋ ನೆಲೆಯಲ್ಲಿ ಸರಬರಾಜಿನ ಕೆಲಸ ನೋಡಿಕೊಂಡರು. ವಾಪಸ್ ಬಂದ ಮೇಲೆ ಸ್ವಲ್ಪ ದಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಗೆ ವೆಲ್ಡಿಂಗ್ ಉಪಕರಣಗಳ ಕೆಲಸ ಮಾಡಿದರು. ಈ ವೆಲ್ಡಿಂಗ್ ಅನ್ನೋ ಪದವನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯುದ್ಧ ಮುಗಿಯೋ ಹೊತ್ತಿಗೆ ಮತ್ತೆ ಮನೆಯ ಕಂಪನಿಗೆ ಬಂದರು. ಆದ್ರೆ ಅಲ್ಲಿ ಹೆಚ್ಚು ದಿನ ಇರಲಿಕ್ಕಾಗಲಿಲ್ಲ. ಕಂಪನಿ ನಡೆಸ್ತಿದ್ದ ಅವರ ಚಿಕ್ಕಪ್ಪನಿಗೆ ಈ ಹುಡುಗನಿಂದ ಏನೂ ಆಗಲ್ಲ ಅನ್ನಿಸಿತ್ತು. ಮನೆತನದ ಕಾರ್ಖಾನೆಯಿಂದಲೇ ಅವರನ್ನ ಕಳಿಸಿಬಿಟ್ಟರು. ವಯಸ್ಸು 29. ಮದುವೆಯಾಗಿತ್ತು, ಹೆಂಡತಿ ಗರ್ಭಿಣಿ. ಯುದ್ಧದಲ್ಲಿ ಗೆದ್ದಿದ್ದರೂ ದೇಶ ಪೂರ್ತಿ ಬರಿಗೈಯಾಗಿತ್ತು, ತಿನ್ನೋ ಪದಾರ್ಥಕ್ಕೂ ರೇಷನ್. ಕೆಲಸ ಕಳ್ಕೊಳ್ಳೋಕೆ ಅದಕ್ಕಿಂತ ಕೆಟ್ಟ ಟೈಮ್ ಇರಲಿಕ್ಕಿಲ್ಲ.

12 ಅಡಿ, 15 ಅಡಿ

ಬ್ಯಾಮ್‌ಫೋರ್ಡ್ ಯುಟಾಕ್ಸಿಟರ್‌ನಲ್ಲೇ ಒಂದು ಗ್ಯಾರೇಜ್ ಬಾಡಿಗೆಗೆ ಹಿಡಿದರು. 12 ಅಡಿ ಅಗಲ, 15 ಅಡಿ ಉದ್ದ. ನಮ್ಮ ಹಾಸ್ಟೆಲ್‌ನ ಮೂರು ಜನರ ರೂಮಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ವಾರಕ್ಕೆ 30 ಶಿಲಿಂಗ್ ಬಾಡಿಗೆ. ಒಳಗಿದ್ದ ಮುಖ್ಯ ಆಸ್ತಿ ಅಂದ್ರೆ ಅಗ್ಗಕ್ಕೆ ತಂದ ಒಂದು ವೆಲ್ಡಿಂಗ್ ಸೆಟ್. ಹೊಸ ಉಕ್ಕು ಸಿಗೋ ಕಾಲ ಅಲ್ಲ ಅದು. ಆದ್ರೆ ಯುದ್ಧ ಮುಗಿದ ಮೇಲೆ ಬೇಡವಾದ ಸಾಮಾನು ರಾಶಿ ಬಿದ್ದಿತ್ತು. ಬಾಂಬ್ ದಾಳಿಯಿಂದ ಬಚ್ಚಿಟ್ಟುಕೊಳ್ಳೋಕೆ ಜನ ಕಟ್ಟಿಕೊಂಡಿದ್ದ ಶೆಲ್ಟರ್‌ಗಳ ಉಕ್ಕಿನ ತಗಡನ್ನ ತಂದು ಬದಿಗಳಿಗೆ ಹಾಕಿ, ಗುಜರಿ ಸಾಮಾನು ಜೋಡಿಸಿ, ವೆಲ್ಡ್ ಮಾಡಿ ಒಂದು ಟಿಪ್ಪಿಂಗ್ ಟ್ರೇಲರ್ ಮಾಡಿದರು. ರೈತರು ಗೊಬ್ಬರ ಸಾಗಿಸಿ ಹಾಗೇ ಸುರಿಯೋಕೆ ಬರೋ ಅಂಥ ಗಾಡಿ. 1945ರ ಅಕ್ಟೋಬರ್ 23ರಂದು ಮೊದಲ ಮಗ ಆಂಥೊನಿ ಹುಟ್ಟಿದ. ಜೆಸಿಬಿ ಕಂಪನಿ ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಾಕೋದೂ ಅದೇ ದಿನವನ್ನ.

ಟ್ರೇಲರನ್ನ ಊರಿನ ಸಂತೆಗೆ ತಗೊಂಡು ಹೋದರು. ಮಾರಾಟವಾಗಿದ್ದು 45 ಪೌಂಡಿಗೆ, ಅದರ ಜೊತೆಗೆ ಕೊಂಡ ರೈತನ ಹಳೇ ಗಾಡಿ ಎಕ್ಸ್‌ಚೇಂಜ್. ಇಲ್ಲೇ ನಂಗೆ ಬ್ಯಾಮ್‌ಫೋರ್ಡ್ ಹತ್ತಿರದವರು ಅನ್ಸಿದ್ದು. ಕೈಯಲ್ಲಿ ದುಡ್ಡಿಲ್ಲ, ಮನೇಲಿ ಹಸುಗೂಸು, ಎದುರಿಗೆ ಒಂದು ಮುರುಕಲು ಗಾಡಿ. ಅದಕ್ಕೆ ಬೆಲೆ ಕಟ್ಟಬೇಕು. ಯಾವ ಮರ ಲಡ್ಡಾಗಿದೆ, ಯಾವ ಕಬ್ಬಿಣ ಇನ್ನೂ ಗಟ್ಟಿ ಇದೆ, ರಿಪೇರಿಗೆ ಎಷ್ಟು ದಿನ ಹಿಡಿಯುತ್ತೆ ಅಂತ ನಿಂತ ಕಾಲಲ್ಲೇ ಲೆಕ್ಕ ಹಾಕಬೇಕು. ತಪ್ಪಿದರೆ ಮುಂದಿನ ವಾರದ ಗ್ಯಾರೇಜ್ ಬಾಡಿಗೆಗೂ ಕಷ್ಟ. ಅವರು ಆ ಹಳೇ ಗಾಡಿಯನ್ನ ತಂದು, ಸರಿ ಮಾಡಿ, ಅದನ್ನೂ 45 ಪೌಂಡಿಗೆ ಮಾರಿದರು ಅಂತ ಹೇಳ್ತಾರೆ. ಅಂದ್ರೆ ಜಗತ್ತಿನ ದೊಡ್ಡ ಮಷೀನ್ ಕಂಪನಿಯೊಂದರ ಮೊದಲ ವ್ಯಾಪಾರದಲ್ಲೇ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯ ಇನ್‌ಸ್ಪೆಕ್ಷನ್ ಇತ್ತು. ಆ ಮೊದಲ ಟ್ರೇಲರ್ ಮತ್ತು ಅದನ್ನ ಮಾಡಿದ ವೆಲ್ಡಿಂಗ್ ಸೆಟ್ ಎರಡನ್ನೂ ಇವತ್ತಿಗೂ ಕಂಪನಿ ಜೋಪಾನವಾಗಿ ಇಟ್ಟಿದೆ.

ವೆಲ್ಡಿಂಗ್ ನೆನಪಿಡಿ ಅಂದಿದ್ದೆ. ಹಳೇ ಮಷೀನ್ ನೋಡುವಾಗ ಮೊದಲು ಹುಡುಕಬೇಕಾದ್ದು ವೆಲ್ಡನ್ನೇ. ಕಾರ್ಖಾನೆಯ ವೆಲ್ಡ್ ಒಂದೇ ಸಮ ಇರುತ್ತೆ, ಸಣ್ಣ ಅಲೆಗಳ ಥರ. ಬೂಮ್ ಬಿರುಕು ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ಹಾಕಿದ ವೆಲ್ಡು ಉಬ್ಬು ತಗ್ಗಾಗಿ, ಗಂಟು ಗಂಟಾಗಿ ಇರುತ್ತೆ. ಕೆಲವು ಕಡೆ ಬೇರೆ ಪ್ಲೇಟನ್ನೇ ತೇಪೆ ಹಾಕಿರ್ತಾರೆ. ಒಂದು ಸಲ ಬಿರುಕು ಬಿಟ್ಟು ಬೆಸೆದ ಜಾಗದ ಪಕ್ಕದಲ್ಲೇ ಶಾಖದಿಂದ ಉಕ್ಕಿನ ಗುಣ ಬದಲಾಗಿರುತ್ತೆ. ನಮಗೆ ಮೆಟೀರಿಯಲ್ ಸೈನ್ಸ್‌ನಲ್ಲಿ ಹೇಳಿಕೊಟ್ಟ ಹೀಟ್ ಅಫೆಕ್ಟೆಡ್ ಝೋನ್ ಅದೇ. ಎಕ್ಸಾಮ್‌ಗೆ ಅದರ ಚಿತ್ರ ಬರೆದು ಐದು ಮಾರ್ಕ್ಸ್ ತಗೊಂಡಿದ್ದೆ. ಯಾರ್ಡ್‌ನಲ್ಲಿ ಅದು ಎದುರಿಗೇ ಇದ್ರೂ ಕಾಣಲಿಲ್ಲ. ಸಾಬ್ರು ಬೂಮಿನ ಬುಡಕ್ಕೆ ಬಗ್ಗಿ, ಬಟ್ಟೆಯಿಂದ ಉಜ್ಜಿ, ಉಗುರಲ್ಲಿ ಹೊಸ ಪೇಂಟನ್ನ ಕೆರೆದು ನೋಡಿದರು. ಪೇಂಟಿನ ಕೆಳಗೆ ಏನಿತ್ತು ಅನ್ನೋದನ್ನ ಕೊನೆಗೆ ಹೇಳ್ತೀನಿ.

ಎಣ್ಣೆಗೆ ಬಂದ ಬಲ

ಗ್ಯಾರೇಜ್ ಸಾಲದೆ 1947ರಲ್ಲಿ ಬ್ಯಾಮ್‌ಫೋರ್ಡ್ ಹತ್ತಿರದ ಕ್ರೇಕ್‌ಮಾರ್ಶ್ ಹಾಲ್ ಅನ್ನೋ ದೊಡ್ಡ ಬಂಗಲೆಯ ಕುದುರೆ ಲಾಯಕ್ಕೆ ಹೋದರು. 1948ರ ಹೊತ್ತಿಗೆ ಕಂಪನಿಯಲ್ಲಿ ಆರೇ ಜನ. ಆ ಆರು ಜನ ಸೇರಿ ಯುರೋಪಿನ ಮೊದಲ ಹೈಡ್ರಾಲಿಕ್ ಟಿಪ್ಪಿಂಗ್ ಟ್ರೇಲರ್ ಮಾಡಿದರು. ಆಮೇಲೆ ಫೋರ್ಡ್‌ಸನ್ ಮೇಜರ್ ಟ್ರ್ಯಾಕ್ಟರ್‌ನ ಮುಂದೆ ಸಿಕ್ಕಿಸೋಕೆ ಒಂದು ಹೈಡ್ರಾಲಿಕ್ ಲೋಡರ್ ಮಾಡಿದರು. 1950ರಲ್ಲಿ ರೋಸೆಸ್ಟರ್ ಊರಿನ ಒಂದು ಹಳೇ ಚೀಸ್ ಫ್ಯಾಕ್ಟರಿಗೆ ಹೋದರು. ಆಗಲೂ ಆರೇ ಜನ. ಕಂಪನಿಯ ಮುಖ್ಯ ಕಚೇರಿ ಇವತ್ತಿಗೂ ಆ ಊರಲ್ಲೇ ಇದೆ. ಮರುವರ್ಷದಿಂದ ಮಷೀನ್‌ಗಳಿಗೆ ಹಳದಿ ಬಣ್ಣ ಬಳಿಯೋಕೆ ಶುರು ಮಾಡಿದರು.

ಹೈಡ್ರಾಲಿಕ್ಸ್ ಅಷ್ಟು ಮುಖ್ಯ ಯಾಕೆ ಅಂದ್ರೆ, ಅದಕ್ಕೂ ಮುಂಚೆ ಅಗೆಯೋ ಯಂತ್ರಗಳು ನಡೀತಿದ್ದುದು ಹಗ್ಗ, ಚೈನ್, ರಾಟೆ, ಗೇರುಗಳ ಮೇಲೆ. 1830ರ ದಶಕದಲ್ಲಿ ಅಮೆರಿಕದ ವಿಲಿಯಂ ಓಟಿಸ್ ಅನ್ನೋ ಯುವಕ ಮಾಡಿದ ಸ್ಟೀಮ್ ಶೊವೆಲ್‌ನಿಂದ ಹಿಡಿದು ನೂರು ವರ್ಷ ಹೆಚ್ಚುಕಡಿಮೆ ಅದೇ ದಾರಿ. ಹಗ್ಗ ಎಳೆಯೋಕೆ ಮಾತ್ರ ಬರುತ್ತೆ, ಒತ್ತೋಕೆ ಬರಲ್ಲ. ಸಿಲಿಂಡರಿನೊಳಗಿನ ಎಣ್ಣೆ ಎರಡೂ ಮಾಡುತ್ತೆ. ಪಿಯುಸಿಯಲ್ಲಿ ಓದಿದ ಪಾಸ್ಕಲ್ ನಿಯಮವೇ ಇದು. ಲೆಕ್ಕ ಮಾಡಿ ನೋಡಿ: ಒಳಗಿನ ವ್ಯಾಸ 100 ಮಿಲಿಮೀಟರ್ ಇರೋ ಸಿಲಿಂಡರ್‌ಗೆ 200 ಬಾರ್ ಒತ್ತಡ ಕೊಟ್ಟರೆ ಸಿಗೋ ಬಲ ಸುಮಾರು 157 ಕಿಲೋನ್ಯೂಟನ್. ಅಂದ್ರೆ 16 ಟನ್ ತೂಕ ಎತ್ತೋವಷ್ಟು. ಅದೂ ತೋಳಿನಷ್ಟು ದಪ್ಪದ ರಾಡ್‌ನಿಂದ, ಒಬ್ಬ ಮನುಷ್ಯ ಎರಡು ಬೆರಳಲ್ಲಿ ಲಿವರ್ ಆಡಿಸಿ. ದೊಡ್ಡ ದೊಡ್ಡ ಗಣಿ, ರೈಲ್ವೆ ಕಂಪನಿಗಳ ಕೈಲಿ ಮಾತ್ರ ಇದ್ದ ಬಲ ಒಂದು ಟ್ರ್ಯಾಕ್ಟರ್ ಇರೋ ರೈತನಿಗೂ ಸಿಕ್ಕಿದ್ದು ಹೀಗೆ.

ಆದ್ರೆ ಇಷ್ಟೂ ಬಲ ನಿಂತಿರೋದು ಒಂದು ರಬ್ಬರ್ ಸೀಲಿನ ಮೇಲೆ. ಹಳೇ ಮಷೀನ್ ನೋಡುವಾಗ ಎಲ್ಲ ಸಿಲಿಂಡರ್ ರಾಡ್‌ಗಳನ್ನೂ ಪೂರ್ತಿ ಹೊರಗೆ ಚಾಚಿಸಿ ನೋಡಬೇಕು. ಕನ್ನಡಿ ಥರ ಹೊಳೆಯೋ ಕ್ರೋಮ್ ಮೇಲೆ ಉದ್ದುದ್ದ ಗೀರು, ತುಕ್ಕಿನ ಚುಕ್ಕೆ ಇದ್ರೆ ಹೊಸ ಸೀಲ್ ಕಿಟ್ ಹಾಕಿದ್ರೂ ಬೇಗ ಹರಿಯುತ್ತೆ. ಆಮೇಲೆ ಬಕೆಟ್ಟಿಗೆ ಮಣ್ಣು ತುಂಬಿಸಿ, ಬೂಮ್ ಎತ್ತಿಸಿ, ಎಂಜಿನ್ ಆಫ್ ಮಾಡಿ ಒಂದು ಗುರುತು ಹಾಕಿ ಐದು ಹತ್ತು ನಿಮಿಷ ಸುಮ್ಮನೆ ನಿಲ್ಲಬೇಕು. ಆಗ ಅದರ ಕೆಳಗೆ ಯಾರೂ ಹೋಗಬಾರದು. ಕೈ ತಾನಾಗೇ ಬೇಗ ಕೆಳಗಿಳಿದರೆ ಒಳಗೆಲ್ಲೋ ಎಣ್ಣೆ ಸೋರ್ತಿದೆ, ಸಿಲಿಂಡರ್ ಸೀಲಿನಲ್ಲೋ ಕಂಟ್ರೋಲ್ ವಾಲ್ವ್‌ನಲ್ಲೋ. ಎಣ್ಣೆ ಹಾಲಿನ ಬಣ್ಣ ಆಗಿದ್ರೆ ನೀರು ಸೇರಿದೆ. ಸುಟ್ಟ ವಾಸನೆ ಬಂದ್ರೆ ತುಂಬಾ ಬಿಸಿಯಾಗಿ ದುಡಿದಿದೆ. ಮಷೀನನ್ನ ಅರ್ಧ ಗಂಟೆಯಾದ್ರೂ ಓಡಿಸಿ ನೋಡಬೇಕು. ತಣ್ಣಗಿದ್ದಾಗ ಚುರುಕಾಗಿದ್ದು ಬಿಸಿಯಾದ ಮೇಲೆ ನಿಧಾನ ಆದ್ರೆ ಪಂಪ್ ಸವೆದಿರೋ ಸಾಧ್ಯತೆ ಇದೆ. ಎಣ್ಣೆ ತೆಳ್ಳಗಾದಾಗ ಸವೆದ ಸಂದಿಯಲ್ಲಿ ಹಿಂದಕ್ಕೆ ಜಾರಿಕೊಳ್ಳುತ್ತೆ. ವಿಸ್ಕಾಸಿಟಿ ಪಾಠ ಬರೀ ಗ್ರಾಫ್ ಅಲ್ಲ ಅಂತ ನಂಗೆ ಅವತ್ತು ಅರ್ಥ ಆಯ್ತು.

ಬೆನ್ನಿಗೊಂದು ಕೈ

1953 ಮುಖ್ಯವಾದ ವರ್ಷ. ನಾರ್ವೆಗೆ ಹೋಗಿದ್ದಾಗ ಬ್ಯಾಮ್‌ಫೋರ್ಡ್ ಅಲ್ಲಿನ ಸಣ್ಣ ಕಂಪನಿಯೊಂದು ಮಾಡಿದ, ಟ್ರ್ಯಾಕ್ಟರ್ ಹಿಂದೆ ಕೂರಿಸೋ ಹಗುರವಾದ ಅಗೆಯೋ ಕೈಯನ್ನ ನೋಡಿದರು. ತಮ್ಮ ಹತ್ತಿರ ಮುಂದಿನ ಲೋಡರ್ ಆಗಲೇ ಇತ್ತು. ಎರಡನ್ನೂ ಒಂದೇ ಟ್ರ್ಯಾಕ್ಟರ್‌ಗೆ ಸೇರಿಸಿದ್ರೆ? ಮುಂದೆ ತುಂಬೋಕೆ, ಹಿಂದೆ ಅಗೆಯೋಕೆ. ಹಾಗೆ ಹುಟ್ಟಿದ್ದು ಅವರ ಮೊದಲ ಬ್ಯಾಕ್‌ಹೋ ಲೋಡರ್. ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಬ್ಯಾಕ್‌ಹೋವನ್ನ ಜಗತ್ತಿನಲ್ಲಿ ಮೊದಲು ಕಂಡುಹಿಡಿದವರು ಅವರೇನಲ್ಲ. ಅಮೆರಿಕದಲ್ಲಿ 1940ರ ದಶಕದ ಕೊನೆಯಲ್ಲೇ ಟ್ರ್ಯಾಕ್ಟರ್‌ಗೆ ಹಾಕೋ ಹೈಡ್ರಾಲಿಕ್ ಬ್ಯಾಕ್‌ಹೋ ಮಾರಾಟಕ್ಕಿತ್ತು. ಬ್ಯಾಮ್‌ಫೋರ್ಡ್ ಮಾಡಿದ್ದು ಬೇರೆ. ಅದನ್ನ ಬಿಡದೆ ತಿದ್ದುತ್ತಾ ಹೋದರು. ಯಾವತ್ತೂ ಸಾಕು ಅನ್ನೋ ಸ್ವಭಾವವೇ ಅವರದ್ದಲ್ಲ. ಇವತ್ತು ಹೊರಗೆ ಹೋದ ಮಷೀನ್‌ಗಿಂತ ನಾಳೆಯದು ಚೆನ್ನಾಗಿರಬೇಕು ಅನ್ನೋದೇ ಅವರ ಹಠ. 1957ರಲ್ಲಿ ಹೈಡ್ರಾ ಡಿಗ್ಗಾ ಬಂತು. 1963ರಲ್ಲಿ 3ಸಿ ಬಂತು. ಇವತ್ತು ನಮ್ಮ ರಸ್ತೆಗಳಲ್ಲಿ ಓಡೋ 3ಡಿಎಕ್ಸ್ ಪಕ್ಕ ಅದರ ಫೋಟೋ ಇಟ್ಟು ನೋಡಿದ್ರೆ ಅಜ್ಜ ಮೊಮ್ಮಗನ ಹೋಲಿಕೆ ಕಾಣುತ್ತೆ. 1960ರ ದಶಕದ ಮಧ್ಯದಲ್ಲಿ, ನಾವು ಹಿಟಾಚಿ ಅಂತ ಕರೆಯೋ ಥರದ, ಪೂರ್ತಿ ಸುತ್ತು ತಿರುಗೋ ಎಕ್ಸ್‌ಕವೇಟರನ್ನೂ ಮಾಡಿದರು.

ಕಪ್ಪು ಅಕ್ಷರದ ಜೆಸಿಬಿ ಲೋಗೋ ಬಂದಿದ್ದೂ 1953ರಲ್ಲೇ. ಚಿಕ್ಕಪ್ಪನ ಕಂಪನಿ ಮನೆತನದ ಹೆಸರನ್ನ ಆಗಲೇ ಇಟ್ಟುಕೊಂಡಿತ್ತು. ಇವರು ಇನಿಶಿಯಲ್ಸ್ ಇಟ್ಟುಕೊಂಡರು. ಇಂಗ್ಲಿಷ್ ಡಿಕ್ಷನರಿಯಲ್ಲಿ ಈಗ ಆ ಇನಿಶಿಯಲ್ಸೇ ಒಂದು ಪದ.

ಮುಂದೊಂದು ಹಿಂದೊಂದು ಕೈ ಇಟ್ಟ ಮೇಲೆ ಕೀಲುಗಳೂ ಹೆಚ್ಚಾದವು. ಒಂದೊಂದು ಕೀಲಿಗೂ ಒಂದು ಪಿನ್ನು, ಅದರ ಸುತ್ತ ಬುಷ್ಷು, ನಡುವೆ ಗ್ರೀಸ್. ದಿನಾ ಗ್ರೀಸ್ ಹೊಡೆದ ಮಷೀನ್ ಯಾವುದು, ಹೊಡೆಯದೆ ದುಡಿಸಿದ್ದು ಯಾವುದು ಅನ್ನೋದನ್ನ ಪಿನ್ನು ಮುಚ್ಚಿಡಲ್ಲ. ಬಕೆಟ್ಟನ್ನ ನೆಲದಿಂದ ಸ್ವಲ್ಪ ಮೇಲೆತ್ತಿಸಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅಂತ ಆಟ ಆಡುತ್ತೆ. ಪಿನ್ ಸವೆದಿದ್ರೆ ಬದಲಾಯಿಸಬಹುದು. ಪಿನ್ ಕೂರೋ ತೂತೇ ಮೊಟ್ಟೆ ಆಕಾರಕ್ಕೆ ಬಂದಿದ್ರೆ ಬೋರಿಂಗ್ ಮಾಡಿಸಬೇಕು, ಖರ್ಚು ಎಲ್ಲಿಗೋ ಹೋಗುತ್ತೆ. ಹಿಂದಿನ ಕೈ ಎಡಕ್ಕೂ ಬಲಕ್ಕೂ ತಿರುಗೋ ಕಿಂಗ್‌ಪೋಸ್ಟ್ ಹತ್ತಿರ ಇದನ್ನ ಇನ್ನೂ ಹುಷಾರಾಗಿ ನೋಡಬೇಕು, ಪೂರ್ತಿ ಕೈಯ ಭಾರ ಹೊರೋದು ಅದೇ.

ಕ್ಯಾಬಿನ್‌ನಲ್ಲಿ ಟೀ

ಬ್ಯಾಮ್‌ಫೋರ್ಡ್ ಮಷೀನ್ ಬಗ್ಗೆ ಎಷ್ಟು ಯೋಚನೆ ಮಾಡ್ತಿದ್ದರೋ ಅದರಲ್ಲಿ ಕೂರೋ ಮನುಷ್ಯನ ಬಗ್ಗೆಯೂ ಅಷ್ಟೇ ಮಾಡ್ತಿದ್ದರು. ಚಳಿ, ಮಳೆಯಲ್ಲಿ ಇಡೀ ದಿನ ಕೂರೋ ಆಪರೇಟರ್‌ಗೆ ಬಿಸಿ ಟೀ ಬೇಕಲ್ವಾ? ಒಂದು ಮಾಡೆಲ್‌ನ ಕ್ಯಾಬಿನ್‌ನಲ್ಲಿ ಎಲೆಕ್ಟ್ರಿಕ್ ಕೆಟಲ್‌ಗೆ ಸಾಕೆಟ್ ಕೊಟ್ಟರು. ಮೊದಲು ಕೊಂಡ 100 ಜನರಿಗೆ ಕೆಟಲನ್ನ ತಾವೇ ರೋಲ್ಸ್ ರಾಯ್ಸ್ ಕಾರಲ್ಲಿ ಹೋಗಿ ಕೊಟ್ಟು ಬಂದರು. ಕಾರಿನ ನಂಬರ್ ಜೆಸಿಬಿ 1. ಇದು ಒಳ್ಳೇ ಮನಸ್ಸೋ ಮಾರ್ಕೆಟಿಂಗೋ ಅಂತ ಕೇಳಿದ್ರೆ ಎರಡೂ ಅನ್ಸುತ್ತೆ. ಮಷೀನ್‌ಗಳನ್ನ ಸಾಲಾಗಿ ನಿಲ್ಲಿಸಿ ಹೈಡ್ರಾಲಿಕ್ ಕೈಗಳ ಮೇಲೆ ಎದ್ದು ನಿಲ್ಲಿಸಿ ಡ್ಯಾನ್ಸ್ ಮಾಡಿಸೋ ಪ್ರದರ್ಶನಗಳು ಶುರುವಾಗಿದ್ದೂ ಈ ಕಂಪನಿಯಿಂದಲೇ. 1964ರಲ್ಲಿ ಒಂದು ಟ್ರೇಲರ್ ಮೇಲೆ ನಿಂತು ತಮ್ಮ ಕೆಲಸಗಾರರಿಗೆ ಒಟ್ಟು 2,50,000 ಪೌಂಡ್ ಬೋನಸ್ ಹಂಚಿದರು. ಆ ಕಾಲಕ್ಕೆ ಅದು ಭಾರಿ ದುಡ್ಡು.

ಹಾಗಂತ ಅವರು ಸಾಧು ಏನಲ್ಲ. ಕೆಲಸದ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಬ್ರಿಟನ್‌ನ ತೆರಿಗೆ ಜಾಸ್ತಿ ಆಯ್ತು ಅಂತ ಕೊನೆಗೆ ಸ್ವಿಟ್ಜರ್ಲೆಂಡ್‌ಗೆ ಹೋಗಿ ನೆಲೆಸಿದರು. ತಮ್ಮನ್ನ ಬೆಳೆಸಿದ ದೇಶಕ್ಕೆ ತೆರಿಗೆ ಕಟ್ಟೋ ವಿಷಯದಲ್ಲಿ ಹಾಗೆ ಮಾಡಬಹುದಿತ್ತಾ ಅನ್ನೋ ಪ್ರಶ್ನೆ ನನಗಂತೂ ಉಳಿದಿದೆ. 1975ರಲ್ಲಿ ಕಂಪನಿಯನ್ನ, ಅದರ ಜೊತೆಗೇ ಹುಟ್ಟಿದ್ದ ಮಗ ಆಂಥೊನಿಗೆ ವಹಿಸಿ ನಿವೃತ್ತರಾದರು. 1993ರಲ್ಲಿ ಅಮೆರಿಕದ ಯಂತ್ರೋದ್ಯಮದ ಹಾಲ್ ಆಫ್ ಫೇಮ್‌ಗೆ ಅವರನ್ನ ಸೇರಿಸಿದರು, ಬ್ರಿಟನ್‌ನಿಂದ ಅವರೇ ಮೊದಲಿಗರು. 2001ರ ಮಾರ್ಚ್ 1ರಂದು, 84ನೇ ವಯಸ್ಸಿನಲ್ಲಿ ತೀರಿಕೊಂಡರು. ಕಂಪನಿ ಇವತ್ತಿಗೂ ಮನೆಯವರ ಕೈಯಲ್ಲೇ ಇದೆ, ಷೇರು ಮಾರುಕಟ್ಟೆಗೆ ಬಂದಿಲ್ಲ.

ನಮ್ಮ ಕಡೆಗೆ

ಭಾರತಕ್ಕೆ ಜೆಸಿಬಿ ಬಂದಿದ್ದು 1979ರಲ್ಲಿ, ಎಸ್ಕಾರ್ಟ್ಸ್ ಕಂಪನಿ ಜೊತೆ ಸೇರಿ ಹರಿಯಾಣದ ಬಲ್ಲಬ್‌ಗಢದಲ್ಲಿ. 2003ರಲ್ಲಿ ಪೂರ್ತಿ ಜೆಸಿಬಿಯದ್ದೇ ಆಯ್ತು. ಆಮೇಲೆ ಪುಣೆ, ಜೈಪುರದಲ್ಲೂ ಕಾರ್ಖಾನೆಗಳಾದವು. ಬ್ಯಾಕ್‌ಹೋ ಲೋಡರ್‌ಗೆ ಈಗ ಜಗತ್ತಿನಲ್ಲೇ ದೊಡ್ಡ ಮಾರುಕಟ್ಟೆ ಭಾರತ. ಅದಕ್ಕೆ ಕಾರಣವೂ ಇದೆ. ಒಂದೇ ಮಷೀನ್ ಅಗೆಯುತ್ತೆ, ತುಂಬುತ್ತೆ, ಮಟ್ಟ ಮಾಡುತ್ತೆ, ಟೈರ್ ಮೇಲೆ ತಾನೇ ಮುಂದಿನ ಊರಿಗೆ ಹೋಗುತ್ತೆ. ಒಂದೇ ಮಷೀನ್ ಕೊಳ್ಳೋಕೆ ಶಕ್ತಿ ಇರೋನಿಗೆ ಅಂಥದ್ದೇ ಬೇಕು. 1945ರ ಯುಟಾಕ್ಸಿಟರ್ ರೈತನಿಗೂ ನಮ್ಮಣ್ಣನಿಗೂ ಬೇಕಾಗಿದ್ದು ಒಂದೇ.

ಹೊಸದು ಕೊಳ್ಳೋಕೆ ಆಗದವರು ಹಳೇದಕ್ಕೆ ಬರ್ತಾರೆ. ಅಲ್ಲಿ ಅವರ್ ಮೀಟರ್ ಒಂದನ್ನೇ ನಂಬಬಾರದು, ಅದನ್ನ ಬದಲಾಯಿಸಬಹುದು. ಮೀಟರಿನಲ್ಲಿ ಕಡಿಮೆ ಗಂಟೆ ಇದ್ದು, ಪೆಡಲ್ ರಬ್ಬರ್ ನುಣ್ಣಗಾಗಿ ಸೀಟು ಕುಸಿದಿದ್ರೆ ಯಾವುದೋ ಒಂದು ಸುಳ್ಳು ಹೇಳ್ತಿದೆ. ಹೊಗೆ ನೀಲಿ ಇದ್ರೆ ಎಂಜಿನ್ ಆಯಿಲ್ ಸುಡ್ತಿದೆ, ಭಾರ ಹಾಕಿದಾಗ ದಟ್ಟ ಕಪ್ಪು ಬಂದ್ರೆ ಡೀಸೆಲ್ ಸರಿಯಾಗಿ ಉರೀತಿಲ್ಲ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ರೆ ಇಂಜೆಕ್ಟರ್ ತೊಂದರೆ ಇರಬಹುದು, ಒಳಗೆ ನೀರು ಸೇರ್ತಿರಲೂಬಹುದು. ಎಂಜಿನ್ ಓಡ್ತಿರುವಾಗ ಆಯಿಲ್ ಹಾಕೋ ಮುಚ್ಚಳ ತೆಗೆದರೆ ಹೊಗೆ ರಭಸವಾಗಿ ಉಗುಳಿದ್ರೆ ಪಿಸ್ಟನ್ ರಿಂಗ್ ಸವೆದಿದೆ ಅಂತ. ಆರ್‌ಸಿ ಪುಸ್ತಕದ ಎಂಜಿನ್ ನಂಬರ್, ಚಾಸಿ ನಂಬರ್ ಮಷೀನ್ ಮೇಲೆ ಕೊರೆದಿರೋದಕ್ಕೆ ತಾಳೆ ಆಗಬೇಕು. ಬ್ಯಾಂಕ್ ಸಾಲ ತೀರಿಲ್ಲದಿದ್ರೆ ಎನ್‌ಓಸಿ ಇಲ್ಲದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬಾರದು.

ಇನ್ನು ಆ ಪೇಂಟಿನ ಕೆಳಗೆ ಏನಿತ್ತು ಅಂತ. ಸಾಬ್ರು ಕೆರೆದಲ್ಲಿ ಒಂದು ತೇಪೆ ಪ್ಲೇಟು, ಅದರ ಅಂಚಲ್ಲಿ ಗಂಟು ಗಂಟಾದ ವೆಲ್ಡು, ಆ ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯಂಥ ಹೊಸ ಬಿರುಕು. ಸಾಬ್ರು ಏನೂ ಹೇಳಲಿಲ್ಲ, ಅಣ್ಣನ ಬೆರಳನ್ನ ಹಿಡಿದು ಆ ಗೆರೆ ಮೇಲೆ ಇಟ್ಟರು. ಅಣ್ಣ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ. ಯಾರ್ಡ್‌ನವರು ಇಪ್ಪತ್ತೈದು ಸಾವಿರ ಇಳಿಸಿದರು, ಆಮೇಲೆ ಐವತ್ತು. ಅಣ್ಣ ಟೀ ಕುಡಿದು, ನಮಸ್ಕಾರ ಹೇಳಿ ಬೈಕ್ ಹತ್ತಿದ. ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವನು ಬಳೆಗಳ ಡಬ್ಬಿಯನ್ನ ದೊಡ್ಡಮ್ಮನ ಕೈಗೆ ವಾಪಸ್ ಕೊಟ್ಟ.

ಈಗಲೂ ಅವನು ಬೇರೆಯವರ ಮಷೀನ್ ಓಡಿಸ್ತಿದ್ದಾನೆ. ಹೋದ ವಾರ ಫೋನ್ ಮಾಡಿದ್ದ. ಇನ್ನೊಂದು ಮಷೀನ್ ಬಂದಿದೆಯಂತೆ, ಸೆಮಿಸ್ಟರ್ ರಜೆ ಯಾವಾಗ ಅಂತ ಕೇಳಿದ. ಈ ಸಲ ಬೆಳಿಗ್ಗೆ ಬೇಗ, ಯಾರ್ಡ್ ಬಾಗಿಲು ತೆಗೆಯೋ ಹೊತ್ತಿಗೇ ಹೋಗೋಣ ಅಂದಿದ್ದೀನಿ. ಎಂಜಿನ್ ಮೇಲೆ ಮೊದಲು ಅಂಗೈ ಇಡೋದು ನಾನೇ.